ಕೈದಾಳದ ದಾರಿಯಲ್ಲಿ ಒಂದು ಹಗಲು

(ಬಾನುಲಿ ಭಾಷಣದ ಬರಹ ರೂಪ)

ಬೆಳಗಿನ ಹೊತ್ತು ಹಾಳೂರೊಂದನ್ನು ಸುತ್ತಿ ನೋಡುವುದು, ಮಧ್ಯಾಹ್ನ ಅಲ್ಲಿಯೇ ಸಮೀಪದ ದ್ರಾಕ್ಷಿಯ ತೋಟಕ್ಕೆ ಹೋಗಿ ಆ ನೆಲದ ದ್ರಾಕ್ಷಾರಸವನ್ನು ನಾಲ್ಕಾರು ಬಟ್ಟಲುಗಳಲ್ಲಿ ರುಚಿ ನೋಡುವುದು, ಸಂಜೆಗೆ ಊರಿಗೆ ಹಿಂತಿರುಗುವುದು: ಇಂಥದೊಂದು ಪ್ರವಾಸಕ್ರಮ ಯೂರೋಪಿನಲ್ಲಿ ಬಹಳ ಕಾಲದಿಂದ ರೂಢಿಯಲ್ಲಿದೆ. ಇಟಲಿಯ ಪಾಂಪೇ ನಗರ ಇದಕ್ಕೆ ಒಳ್ಳೆಯ ನಿದರ್ಶನ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತ ಬೆಂಕಿಯುಗುಳಿ ಆ ನಗರವನ್ನು ಬೂದಿಯಲ್ಲಿ ಹೂತುಹಾಕಿತು. ಇಂದಿಗೂ ಅದೇ ಪರ್ವತದ ಇಳಿಜಾರಿನಲ್ಲಿ ದ್ರಾಕ್ಷಿ ಬೆಳೆಯುತ್ತದೆ. ಅಮೆರಿಕದ ವಿದುಷಿ ವಿಲ್ಹೆಲ್ಮಿನಾ ಜಾಶೆಮ್ಸ್ಕಿ ಅವರು 1960ರ ದಶಕದಿಂದಾಚೆಗೆ ಪಾಂಪೇಯ ತೋಟಗಳನ್ನು ಅಗೆಸಿ ನೋಡಿದಾಗ ಒಂದು ವಿಸ್ಮಯ ಹೊರಬಿತ್ತು. ಬಳ್ಳಿಗಳ ಬೇರು ಕೊಳೆತು ಹೋಗಿ ಬೂದಿಯಲ್ಲಿ ಉಳಿದಿದ್ದ ಟೊಳ್ಳುಗಳಿಗೆ ಗಾರೆ ಸುರಿದು ಅಚ್ಚು ತೆಗೆದರು. ಬಯಲು ರಂಗಮಂದಿರದ ಬಳಿಯ ಒಂದೇ ತೋಟದಲ್ಲಿ ಎರಡು ಸಾವಿರಕ್ಕೂ ಮಿಕ್ಕ ದ್ರಾಕ್ಷಿ ಬಳ್ಳಿಗಳಿದ್ದುದು ಗೊತ್ತಾಯಿತು. 1990ರ ದಶಕದಲ್ಲಿ ಪಾಂಪೇಯ ಹಾಳುಗಳ ನಡುವೆಯೇ ಮತ್ತೆ ಬಳ್ಳಿಗಳನ್ನು ನೆಟ್ಟರು. ಸತ್ತ ಊರಿನ ಮಣ್ಣಿನಿಂದ ಜೀವಂತವಾದ ಒಂದು ರುಚಿ ಹೀಗೆ ಮರಳಿ ಬಂತು.

ನಮ್ಮಲ್ಲಿಯೂ ಈ ಪದ್ಧತಿ ಈಚೆಗೆ ಕಾಲಿಟ್ಟಿದೆ. ನಂದಿಬೆಟ್ಟದ ತಪ್ಪಲಲ್ಲಿ ಭೋಗನಂದೀಶ್ವರನ ಗುಡಿಯನ್ನು ನೋಡಿ, ಹತ್ತಿರದ ದ್ರಾಕ್ಷಿ ತೋಟಗಳಿಗೆ ಹೋಗಿ ಬರುವವರಿದ್ದಾರೆ. ಹಂಪೆಯ ಕಡೆಯ ಬೆಟ್ಟಗಳ ನಡುವೆಯೂ ದ್ರಾಕ್ಷಾರಸದ ತೋಟವೊಂದು ಎದ್ದಿದೆ. ಹಂಪೆಗೆ ದ್ರಾಕ್ಷಿ ಹೊಸದೇನೂ ಅಲ್ಲ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಪೇಟೆಯ ಹಣ್ಣುಗಳನ್ನು ಹೆಸರಿಸುವಾಗ ನಿಂಬೆ, ಕಿತ್ತಳೆ, ದಾಳಿಂಬೆಗಳ ಜೊತೆಯಲ್ಲಿ ದ್ರಾಕ್ಷಿಯನ್ನೂ ಹೇಳಿದ್ದಾನೆ.

ಇದನ್ನೆಲ್ಲ ಕೇಳಿದಾಗ ನನ್ನಲ್ಲಿ ಎದ್ದ ಪ್ರಶ್ನೆ ಸರಳವಾದದ್ದು. ದ್ರಾಕ್ಷಿಯ ತೋಟವೂ ಇಲ್ಲದ, ಹಂಪೆಯಂಥ ಹೆಸರಾಂತ ಹಾಳೂ ಇಲ್ಲದ ನಮ್ಮ ತುಮಕೂರು ಸೀಮೆಯಲ್ಲಿ ಇಂಥದೊಂದು ಹಗಲನ್ನು ಕಳೆಯಲು ಸಾಧ್ಯವೆ? ಕಳೆದರೆ ಅಲ್ಲಿ ನೋಡುವುದು ಏನನ್ನು, ಕುಡಿಯುವುದು ಏನನ್ನು? ಕಳೆದ ಮಾಗಿಯಲ್ಲಿ ಹತ್ತು ಹನ್ನೆರಡು ಜನ ಸೇರಿ, ಈ ಸೀಮೆಯವನೇ ಆದ ಒಬ್ಬ ತರುಣ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡು, ತುಮಕೂರಿನಿಂದ ಹೊರಟು ಗುಬ್ಬಿ, ನಿಟ್ಟೂರು, ಕಡಬ, ಕುಣಿಗಲ್ಲುಗಳನ್ನು ಬಳಸಿ ಸಂಜೆಗೆ ಕೈದಾಳಕ್ಕೆ ಬಂದೆವು. ಆ ಹಗಲು ನನಗೆ ಕಲಿಸಿದ ಕೆಲವು ಸಂಗತಿಗಳನ್ನು ಕೇಳುಗರ ಮುಂದಿಡುವುದು ಈ ಭಾಷಣದ ಉದ್ದೇಶ.

ತುಮಕೂರಿನಿಂದ ಗುಬ್ಬಿಗೆ ಇಪ್ಪತ್ತು ಕಿಲೋಮೀಟರುಗಳಷ್ಟು ದಾರಿ. ಗುಬ್ಬಿ ಎಂದೊಡನೆ ಇಂದಿನವರಿಗೆ ನೆನಪಾಗುವುದು ವೀರಣ್ಣನವರು ಮತ್ತು 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ. ಆದರೆ ಆ ಊರಿನ ಸಾಹಿತ್ಯದ ನೆನಪು ಇನ್ನೂ ಹಿಂದಿನದು. ‘ಭಾವಚಿಂತಾರತ್ನ’ವನ್ನು 1513ರಲ್ಲಿ ಬರೆದ ಮಲ್ಲಣಾರ್ಯ ಗುಬ್ಬಿಯವನು, ಅವನ ಹೆಸರಿಗೇ ಊರು ಅಂಟಿಕೊಂಡಿದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಸಂತೆಯನ್ನೂ ವ್ಯಾಪಾರವನ್ನೂ ಕುರಿತು ಬರೆದಿಟ್ಟಿದ್ದಾನೆ. ಅಡಕೆ, ಕೊಬ್ಬರಿ, ಬಟ್ಟೆಗಳ ಗಂಟು ಹೊತ್ತ ಎತ್ತುಗಳು ಹಾದುಹೋಗುತ್ತಿದ್ದ ದಾರಿಯಿದು. ಕವಿಯೂ ನಟನೂ ವರ್ತಕನೂ ಒಂದೇ ಊರಿನ ಮಣ್ಣಿನಲ್ಲಿ ಬೆಳೆಯುವುದು ಆಕಸ್ಮಿಕವಲ್ಲ. ಜನ ಕೂಡುವಲ್ಲಿ ಮಾತು ಬೆಳೆಯುತ್ತದೆ.

ಅದೇ ದಾರಿಯಲ್ಲಿ ಮುಂದೆ ನಿಟ್ಟೂರು. ಅಲ್ಲಿನ ಶಾಂತೀಶ್ವರ ಬಸದಿ ಹೊಯ್ಸಳರ ಕಾಲದ್ದು. ಬೇಲೂರು ಹಳೇಬೀಡುಗಳಲ್ಲಿ ಕಣ್ಣು ದಣಿಸಿಕೊಂಡವರಿಗೆ ಇದು ಸಣ್ಣ ಕಟ್ಟಡವೆನಿಸಬಹುದು. ಆದರೆ ಸಣ್ಣ ಕಟ್ಟಡಗಳಿಗೆ ಒಂದು ಗುಣವಿದೆ. ಅಲ್ಲಿ ರಾಜನ ವೈಭವ ನಮ್ಮ ಕಣ್ಣಿಗೆ ಅಡ್ಡ ಬರುವುದಿಲ್ಲ. ಒಂದು ಊರಿನ ಶ್ರಾವಕರು ತಮ್ಮ ಶಕ್ತಿಯಿದ್ದಷ್ಟು ಕಲ್ಲು ತರಿಸಿ, ತಮ್ಮ ಭಕ್ತಿಯಿದ್ದಷ್ಟು ಕೆತ್ತಿಸಿದರು ಎಂಬುದು ನೇರವಾಗಿ ಕಾಣುತ್ತದೆ.

ಕಡಬದಲ್ಲಿ ನಾವು ಹೆಚ್ಚು ಹೊತ್ತು ನಿಂತೆವು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿದ ಶಿಂಷಾ ನದಿಯನ್ನು ಇಲ್ಲಿ ಕಟ್ಟೆ ಹಾಕಿ ನಿಲ್ಲಿಸಿ ದೊಡ್ಡ ಕೆರೆ ಮಾಡಿದ್ದಾರೆ. ಲಂಕೆಯಿಂದ ಹಿಂತಿರುಗುವಾಗ ಸೀತೆಯ ಕೋರಿಕೆಯಂತೆ ರಾಮನೇ ಈ ಕೆರೆಯನ್ನು ಕಟ್ಟಿಸಿದನೆಂದು ಜನ ಹೇಳುತ್ತಾರೆ. ನಮ್ಮ ಮಾರ್ಗದರ್ಶಿ ಈ ಕಥೆಯನ್ನು ಸೊಗಸಾಗಿ ಹೇಳಿದ. ಅದು ಕೇಳಲು ಹಿತವಾದ ಕಥೆಯೆ. ಆದರೆ ಕಡಬದ ಹೆಸರು ಇತಿಹಾಸಕಾರರ ಬಾಯಲ್ಲಿ ನಿಂತಿರುವುದು ಬೇರೊಂದು ಕಾರಣಕ್ಕಾಗಿ. ಅದು ಕಡಬದ ತಾಮ್ರಶಾಸನ.

ಶಕ ವರ್ಷ 735ರ, ಎಂದರೆ ಕ್ರಿ.ಶ. 813ರ ಸುಮಾರಿನ ಈ ಶಾಸನ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನ ಕಾಲದ್ದು. ಅದರಲ್ಲಿ ಬರುವ ಪ್ರಸಂಗ ಕುತೂಹಲದ್ದು. ಕುನುಂಗಿಲ್ ದೇಶವನ್ನು ಆಳುತ್ತಿದ್ದ ಚಾಲುಕ್ಯ ವಂಶದ ವಿಮಲಾದಿತ್ಯನೆಂಬವನಿಗೆ ಶನಿಯ ಪೀಡೆ ತಗುಲಿತ್ತು. ಯಾಪನೀಯ ಸಂಘದ ಅರ್ಕಕೀರ್ತಿ ಎಂಬ ಜೈನ ಮುನಿ ಆ ಪೀಡೆಯನ್ನು ಪರಿಹರಿಸಿದ. ಗಂಗಮಂಡಲದ ಅಧಿಪತಿಯಾಗಿದ್ದ ಚಾಕಿರಾಜ ಈ ಉಪಕಾರಕ್ಕಾಗಿ ಬಿನ್ನಹ ಮಾಡಿಕೊಳ್ಳಲು, ಚಕ್ರವರ್ತಿ ಜಾಲಮಂಗಲವೆಂಬ ಗ್ರಾಮವನ್ನು ಮಾನ್ಯಪುರದ ಬಳಿಯ ಶಿಲಾಗ್ರಾಮದ ಜಿನಾಲಯಕ್ಕೆ ದತ್ತಿಯಾಗಿ ಬಿಟ್ಟ. ಮಾನ್ಯಪುರವೆಂದರೆ ಇಂದಿನ ನೆಲಮಂಗಲ ತಾಲ್ಲೂಕಿನ ಮಣ್ಣೆ. ಕುನುಂಗಿಲ್ ಎಂದರೆ ನಾವು ಮಧ್ಯಾಹ್ನಕ್ಕೆ ಹೋಗಲಿದ್ದ ಕುಣಿಗಲ್ಲು.

ಈ ತಾಮ್ರಪಟವನ್ನು ನಾನು ದೊಡ್ಡದಾಗಿ ಹೇಳುವುದಕ್ಕೆ ಕಾರಣವಿದೆ. ರಾಷ್ಟ್ರಕೂಟರ ಸಾಮ್ರಾಜ್ಯ ನರ್ಮದೆಯನ್ನು ಮುಟ್ಟಿ ನಿಂತಿದ್ದ ಕಾಲದಲ್ಲಿ, ಒಬ್ಬ ಸಣ್ಣ ಅಧಿಕಾರಿಯ ಹೆದರಿಕೆ, ಒಬ್ಬ ಮುನಿಯ ಸಾಂತ್ವನ, ಒಬ್ಬ ಮೇಲಧಿಕಾರಿಯ ಕೃತಜ್ಞತೆ ಇವೆಲ್ಲ ಚಕ್ರವರ್ತಿಯ ಬೀಡಿನವರೆಗೆ ತಲುಪಿ ತಾಮ್ರದಲ್ಲಿ ಅಚ್ಚಾದವು. ಕಥೆಗಳು ಮಾತ್ರ ಮನುಷ್ಯರ ಎದೆಯನ್ನು ತೋರಿಸುತ್ತವೆ, ಶಾಸನಗಳು ಬರಿಯ ಇಸವಿಗಳನ್ನು ಹೇಳುತ್ತವೆ ಎಂಬ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಕಡಬದ ಶಾಸನ ಅದಕ್ಕೆ ಉತ್ತರ. ಇಂದು ಶನಿವಾರಗಳಲ್ಲಿ ಶನಿದೇವರ ಗುಡಿಗೆ ಎಳ್ಳೆಣ್ಣೆ ಹಿಡಿದು ಹೋಗುವ ಮನುಷ್ಯನಿಗೂ ಆ ವಿಮಲಾದಿತ್ಯನಿಗೂ ನಡುವೆ ಹನ್ನೆರಡು ನೂರು ವರ್ಷಗಳ ಅಂತರವಿದೆ, ಅಂತರವಿಲ್ಲದೆಯೂ ಇದೆ.

ಕಡಬದಿಂದ ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ ತೆಂಗಿನ ತೋಟಗಳು ಎರಡೂ ಕಡೆ ನಿಂತಿರುತ್ತವೆ. ಕಲ್ಪತರುನಾಡೆಂದು ಈ ಜಿಲ್ಲೆಯನ್ನು ಕರೆಯುವುದು ಬರಿಯ ಹೊಗಳಿಕೆಯಲ್ಲ. ಒಂದು ತೋಟದ ಬಾವಿಕಟ್ಟೆಯ ಬಳಿ ನಮ್ಮನ್ನು ಇಳಿಸಿದರು. ದ್ರಾಕ್ಷಾರಸದ ಊರುಗಳಲ್ಲಿ ಮಾಡುವಂತೆಯೇ ಇಲ್ಲಿಯೂ ರುಚಿ ನೋಡುವ ಒಂದು ಏರ್ಪಾಡಾಗಿತ್ತು. ತೋಟದ ಯಜಮಾನರು ಮೂರು ಬಗೆಯ ಎಳನೀರನ್ನು ಕೆತ್ತಿ ಮುಂದಿಟ್ಟರು: ತೀರ ಎಳೆಯದು, ಗಂಜಿಗಟ್ಟಿದ್ದು, ತುಸು ಬಲಿತದ್ದು. ಮೊದಲನೆಯದರಲ್ಲಿ ಒಗರು, ಎರಡನೆಯದರಲ್ಲಿ ತುಂಬಿದ ಸಿಹಿ, ಮೂರನೆಯದರಲ್ಲಿ ಸಿಹಿ ಇಳಿದು ಒಂದು ಬಗೆಯ ಚುರುಕು. ಹೊಂಬಾಳೆ ಒಡೆದು ಕಾಯಿ ಕಚ್ಚಿ ಆರೇಳು ತಿಂಗಳಾದಾಗ ನೀರಿನ ಸಿಹಿ ತುದಿಗೆ ಮುಟ್ಟುತ್ತದೆ. ಆಮೇಲೆ ಆ ಸಿಹಿ ತಿರುಳಿಗೆ ಇಳಿದು ಕೊಬ್ಬರಿಯಾಗುತ್ತದೆ. ಕೆರೆಯ ಕೆಳಗಿನ ಕಪ್ಪು ಮಣ್ಣಿನ ಮರಕ್ಕೂ ದಿಬ್ಬದ ಕೆಂಪು ಮಣ್ಣಿನ ಮರಕ್ಕೂ ನೀರಿನ ರುಚಿಯಲ್ಲಿ ಭೇದವಿದೆ ಎಂದು ಯಜಮಾನರು ಹೇಳಿದರು. ಫ್ರಾನ್ಸಿನ ದ್ರಾಕ್ಷಿ ಬೆಳೆಗಾರ ತನ್ನ ಮಣ್ಣಿನ ಬಗೆಗೆ ಆಡುವ ಮಾತಿನ ಗಾಂಭೀರ್ಯವೇ ಅವರ ಮಾತಿನಲ್ಲಿಯೂ ಇತ್ತು.

ನಮ್ಮ ತಂಡದಲ್ಲಿದ್ದ ಗೆಳೆಯರೊಬ್ಬರು ನಗುತ್ತ, ‘ಇದು ಸರಿ, ಆದರೆ ಇದರ ಅಣ್ಣನೆಲ್ಲಿ?’ ಎಂದು ಕೇಳಿದರು. ಅಣ್ಣನೆಂದರೆ ಕಳ್ಳು. ಎಲ್ಲರೂ ನಕ್ಕರು. ಯಜಮಾನರು ಮಾತ್ರ ನಗಲಿಲ್ಲ. ‘ಅದು ನಮ್ಮ ಅಜ್ಜಂದಿರ ಕಾಲಕ್ಕೆ ಮುಗಿಯಿತು, ಅದರಿಂದ ಮುಗಿದ ಮನೆಗಳೂ ಉಂಟು’ ಎಂದಷ್ಟೆ ಹೇಳಿದರು. ಆ ಮಾತಿನ ಹಿಂದಿರುವ ಚರಿತ್ರೆಯನ್ನು ಇಲ್ಲಿ ತುಸು ಬಿಡಿಸಿ ಹೇಳಬೇಕು.

ಕನ್ನಡ ನಾಡಿಗೆ ಮದ್ಯ ಹೊರಗಿನಿಂದ ಬಂದ ವಸ್ತುವಲ್ಲ. ಬಂದ ಮದ್ಯವೂ ಇತ್ತು ನಿಜ. ಕ್ರಿಸ್ತಶಕದ ಆರಂಭದ ಕಾಲದಲ್ಲಿ ಇಟಲಿಯ ದ್ರಾಕ್ಷಾರಸ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬರುತ್ತಿತ್ತೆಂದು ‘ಪೆರಿಪ್ಲಸ್’ ಎಂಬ ಗ್ರೀಕ್ ಗ್ರಂಥ ಹೇಳುತ್ತದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿಯ ನಾಣ್ಯಗಳ ನಿಧಿ ಸಿಕ್ಕಿತು; ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರ ಉತ್ಖನನ ನಡೆದಾಗಲೂ ರೋಮನ್ ನಾಣ್ಯಗಳು ದೊರೆತವು. ಆದರೆ ಜನರ ಕುಡಿತ ಮರದಿಂದ ಇಳಿಯುತ್ತಿತ್ತು. ಹಳೆಯ ಮೈಸೂರಿನ ಒಣ ಸೀಮೆಯಲ್ಲಿ ಅದು ಹೆಚ್ಚಾಗಿ ಈಚಲು ಮರದ್ದು, ಬಳಿಕ ತೆಂಗು ತಾಳೆಗಳದ್ದು. ಹೊಂಬಾಳೆಯನ್ನು ಕಟ್ಟಿ, ಬಡಿದು, ತುದಿ ಕೊಯ್ದು ಮಡಕೆ ಸಿಕ್ಕಿಸಿದರೆ ತೊಟ್ಟಿಕ್ಕುವ ರಸ ಬೆಳಗಿನ ತಂಪಿನಲ್ಲಿ ನೀರಾ. ಅದು ಹಾಲಿನಂತೆ ಸಾತ್ವಿಕವಾದದ್ದು. ಬಿಸಿಲೇರಿದಂತೆ ಗಾಳಿಯಲ್ಲಿನ ಹುದುಗು ಅದನ್ನು ಹಿಡಿಯುತ್ತದೆ. ಕೆಲವೇ ಗಂಟೆಗಳಲ್ಲಿ ಅದೇ ರಸ ಕಳ್ಳಾಗುತ್ತದೆ. ಒಂದೇ ಮಡಕೆ, ಬೆಳಿಗ್ಗೆ ಮಗುವಿಗೆ, ಸಂಜೆ ಕುಡುಕನಿಗೆ.

ನಮ್ಮ ಸಾಹಿತ್ಯ ಈ ಮಡಕೆಯನ್ನು ಕಂಡಿಲ್ಲವೆಂದಲ್ಲ. 941ರ ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನನನ್ನು ಬೆಳುದಿಂಗಳ ಇರುಳಿನಲ್ಲಿ ಸೂಳೆಗೇರಿಯ ಮೂಲಕ ನಡೆಸಿ, ಪಾನಗೋಷ್ಠಿಯನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದ್ದಾನೆ. ಕಲ್ಯಾಣದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳನ್ನು ಎಣಿಸುವಾಗ ಮದ್ಯಪಾನದ ಕ್ರೀಡೆಯನ್ನೂ ಬಿಟ್ಟಿಲ್ಲ. ಅದೇ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದ. ಹೆಂಡ ಮಾರುವುದು ಅವನ ಕಾಯಕ. ಕುಡಿಯಲು ಬಂದವರಿಗೆ ಅರಿವನ್ನು ಹೇಳುವುದು ಅವನ ವ್ರತ. ಅರಮನೆಯ ಮದ್ಯ ಗ್ರಂಥದಲ್ಲಿ ವಿನೋದವಾಯಿತು. ಬೀದಿಯ ಮದ್ಯ ಒಬ್ಬ ಬಡವನ ಬದುಕೂ ಒಬ್ಬ ಶರಣನ ಸಂಕಟವೂ ಆಯಿತು. ಒಂದೇ ನಗರದಲ್ಲಿ ಒಂದೇ ಶತಮಾನದಲ್ಲಿ ಕಂಡ ಈ ಎರಡು ನೋಟಗಳು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಮೈಸೂರು ಸಂಸ್ಥಾನದಲ್ಲಿ ಅಬ್ಕಾರಿ ಹುಟ್ಟುವಳಿ ಬೊಕ್ಕಸದ ದೊಡ್ಡ ಕಂಬಗಳಲ್ಲೊಂದಾಗಿತ್ತು. ಸ್ವಾತಂತ್ರ್ಯದ ಹೋರಾಟ ಈ ಕಂಬಕ್ಕೇ ಕೊಡಲಿ ಹಾಕಿತು. 1939ರಲ್ಲಿ ಚಿತ್ರದುರ್ಗದ ಬಳಿ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಜನ ಈಚಲು ಮರಗಳನ್ನು ಕಡಿದು ಸೆರೆಮನೆಗೆ ಹೋದರು. ಆ ಬಳಿಕ ಪಾನನಿರೋಧ ಬಂದಿತು. 1967ರಲ್ಲಿ, ಅದೇ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, ಅದು ಹಿಂದೆ ಸರಿಯಿತು. ಇದನ್ನು ವ್ಯಕ್ತಿಯೊಬ್ಬರ ಮೇಲಿನ ಆರೋಪವಾಗಿ ನಾನು ಹೇಳುತ್ತಿಲ್ಲ. ಆದರ್ಶಕ್ಕೂ ಬೊಕ್ಕಸಕ್ಕೂ ನಡುವಿನ ಜಗ್ಗಾಟ ಎಷ್ಟು ಬಲವಾದದ್ದು ಎಂಬುದಕ್ಕೆ ಇದೊಂದು ಸಾಕ್ಷಿ. ಈ ಶತಮಾನದ ಮೊದಲ ದಶಕದಲ್ಲಿ ಒಳನಾಡಿನ ಕಳ್ಳು ನಿಂತಿತು. 2007ರ ಜುಲೈ 1ರಿಂದ ಸಾರಾಯಿ ನಿಷಿದ್ಧವಾಯಿತು. ಅದೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸದ ನೀತಿಯೊಂದನ್ನು ಸರ್ಕಾರ ಹೊರತಂದು, ದ್ರಾಕ್ಷಾರಸಕ್ಕೆ ಉತ್ತೇಜನ ನೀಡಿತು.

ಎರಡಕ್ಕೂ ಕಾರಣಗಳಿದ್ದವು. ಸಾರಾಯಿಯಿಂದ ನೊಂದ ಹೆಣ್ಣುಮಕ್ಕಳ ಕಣ್ಣೀರು ಸುಳ್ಳಲ್ಲ. ದ್ರಾಕ್ಷಿ ಬೆಳೆದ ರೈತನ ಕಷ್ಟವೂ ಸುಳ್ಳಲ್ಲ. ಆದರೆ ಒಂದೇ ವರ್ಷದಲ್ಲಿ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದಾಗ, ಮರವೇರುವವನ ಕಸುಬು ಅಪರಾಧವೂ ಬಟ್ಟಲು ಹಿಡಿದವನ ಅಭಿರುಚಿ ಸಂಸ್ಕೃತಿಯೂ ಆಯಿತಲ್ಲ ಎಂಬ ಸಂಗತಿ ಮನಸ್ಸನ್ನು ಚುಚ್ಚುತ್ತದೆ. ‘ರತ್ನನ ಪದಗಳ’ ಮೂಲಕ ಹೆಂಡಗುಡುಕನ ಬಾಯಿಗೆ ಕನ್ನಡದ ಮಮತೆಯನ್ನು ಕೊಟ್ಟ ಜಿ.ಪಿ. ರಾಜರತ್ನಂ ಅವರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ. ಕುಡಿತವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಹಾಳೂರನ್ನು ನೋಡಲು ಹೊರಟವನು ತನ್ನ ಕೈಯ ಬಟ್ಟಲಿನ ಇತಿಹಾಸವನ್ನೂ ಕೇಳಿಕೊಳ್ಳಬೇಕು, ಅಷ್ಟೆ.

ಮಧ್ಯಾಹ್ನ ಕುಣಿಗಲ್ಲನ್ನು ಮುಟ್ಟಿದೆವು. ಕಡಬದ ತಾಮ್ರಪಟದಲ್ಲಿ ಹೆಸರು ಮಾತ್ರವಾಗಿದ್ದ ಕುನುಂಗಿಲ್ ಈಗ ಕಣ್ಣೆದುರು ನೀರಾಗಿ ಹರಡಿತ್ತು. ಕುಣಿಗಲ್ ಕೆರೆಯ ಹಾಡನ್ನು ಕೇಳದ ಕನ್ನಡಿಗರಿಲ್ಲ. ಶಿವನು ಇಲ್ಲಿ ಕುಣಿದದ್ದರಿಂದ ಕುಣಿ-ಕಲ್ಲು ಎಂದಾಯಿತೆಂದು ಸ್ಥಳಪುರಾಣ ಹೇಳುತ್ತದೆ. ಶಾಸನದ ‘ಕುನುಂಗಿಲ್’ ಎಂಬ ರೂಪ ಆ ವಿವರಣೆಯನ್ನು ಒಪ್ಪುವುದು ಕಷ್ಟ. ಊರಿನ ಸೋಮೇಶ್ವರ, ನರಸಿಂಹ ದೇವಾಲಯಗಳನ್ನು ನೋಡಿಕೊಂಡು ಕುದುರೆ ಫಾರಂ ಕಡೆ ಹಾದೆವು. ಟಿಪ್ಪುಸುಲ್ತಾನನ ದಂಡಿನ ಕುದುರೆಗಳ ಕಾಲದಿಂದ ಅದರ ನೆನಪು ಬಂದಿದೆ. ಸೈನ್ಯದ ಕುದುರೆ ಹೋಗಿ ಪಂದ್ಯದ ಕುದುರೆ ಬಂತು; 1992ರಲ್ಲಿ ಮದ್ಯೋದ್ಯಮದ ಸಂಸ್ಥೆಯೊಂದು ಅದನ್ನು ಮೂವತ್ತು ವರ್ಷಗಳ ಗುತ್ತಿಗೆಗೆ ಪಡೆಯಿತು. ತನ್ನ ರಾಜ್ಯದಲ್ಲಿ ಮದ್ಯವನ್ನು ನಿಲ್ಲಿಸಹೊರಟಿದ್ದ ಸುಲ್ತಾನನ ಲಾಯಕ್ಕೆ ಇಂಥ ಒಡೆತನ ಬಂದದ್ದು ಇತಿಹಾಸದ ಒಂದು ಕೊಂಕುನಗೆಯೆನ್ನಬೇಕು.

ಕುಣಿಗಲ್ಲಿನಿಂದ ತುಮಕೂರಿಗೆ ಬರುವ ದಾರಿಯಲ್ಲಿ ಹೆಬ್ಬೂರು ಕಳೆದು, ವರ್ಷಕ್ಕೊಮ್ಮೆ ಮಣ್ಣಿನ ಬೃಹತ್ ಗಣಪತಿಯನ್ನು ಮಾಡುವ ಗೂಳೂರು ಸಿಕ್ಕುವ ಹೊತ್ತಿಗೆ ಬಿಸಿಲು ಇಳಿದಿತ್ತು. ಗೂಳೂರಿಗೆ ಅಂಟಿಕೊಂಡಂತೆಯೇ ಕೈದಾಳವಿದೆ. ನಮ್ಮ ಹಗಲಿನ ಕೊನೆಯ ನಿಲ್ದಾಣ ಇದು. ಹೇಳಬೇಕಾದ ಮಾತು ಹೆಚ್ಚಾಗಿರುವುದೂ ಇಲ್ಲಿಯೆ.

ಕೈದಾಳದ ಕಥೆ ಎಲ್ಲರಿಗೂ ಗೊತ್ತು. ಜಕಣಾಚಾರಿಯ ಹುಟ್ಟೂರು ಕ್ರೀಡಾಪುರ. ಮನೆ ಬಿಟ್ಟು ದೇಶಾಂತರ ಹೋದ ಅವನು ಬೇಲೂರಿನಲ್ಲಿ ಕೇಶವನ ವಿಗ್ರಹ ಮಾಡುತ್ತಿದ್ದಾಗ, ತಂದೆಯನ್ನು ಅರಸಿ ಬಂದ ಮಗ ಡಂಕಣ ಆ ಶಿಲೆಯಲ್ಲಿ ದೋಷವಿದೆಯೆಂದ. ದೋಷ ತೋರಿಸಿದರೆ ಕೈ ಕತ್ತರಿಸಿಕೊಳ್ಳುತ್ತೇನೆಂದು ಜಕಣ ಪಣ ತೊಟ್ಟ. ವಿಗ್ರಹಕ್ಕೆ ಗಂಧ ಬಳಿದಾಗ ಹೊಕ್ಕುಳ ಭಾಗ ಮಾತ್ರ ಆರಲಿಲ್ಲ. ಅಲ್ಲಿ ಉಳಿಯಿಟ್ಟಾಗ ನೀರೂ ಕಪ್ಪೆಯೂ ಹೊರಬಂದವು. ಜಕಣ ತನ್ನ ಬಲಗೈಯನ್ನು ಕತ್ತರಿಸಿಕೊಂಡ. ಆಮೇಲೆ ದೇವರ ಅಪ್ಪಣೆಯಂತೆ ಹುಟ್ಟೂರಿಗೆ ಬಂದು ಚೆನ್ನಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬಂತು, ಊರು ಕೈದಾಳವಾಯಿತು. 1964ರಲ್ಲಿ ಬಿ.ಎಸ್. ರಂಗಾ ಅವರು ‘ಅಮರಶಿಲ್ಪಿ ಜಕಣಾಚಾರಿ’ ಎಂಬ ವರ್ಣಚಿತ್ರವನ್ನು ತೆರೆಗೆ ತಂದ ಮೇಲೆ ಈ ಕಥೆ ನಾಡಿನ ಮೂಲೆಮೂಲೆಗೂ ಹೋಯಿತು.

ಈಗ ಕಲ್ಲಿನ ಮಾತನ್ನು ಕೇಳೋಣ. ಬಿ.ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ಕೈದಾಳದ ಶಾಸನ ಕ್ರಿ.ಶ. 1150ರ ಸುಮಾರಿನದು, ಹೊಯ್ಸಳ ಒಂದನೆಯ ನರಸಿಂಹನ ಕಾಲದ್ದು. ಅವನ ಸಾಮಂತನಾದ ಗೂಳಿ ಬಾಚಿ ಎಂಬವನು ಇಲ್ಲಿ ಶಿವನಿಗೆ ಗುಡಿ ಕಟ್ಟಿಸಿದ, ನಾರಾಯಣನಿಗೆ ಗುಡಿ ಕಟ್ಟಿಸಿದ, ಜಿನನಿಗೂ ಆಲಯ ಕಟ್ಟಿಸಿದ ಎಂದು ಅದು ಹೇಳುತ್ತದೆ. ಜಕಣಾಚಾರಿಯ ಹೆಸರು ಅದರಲ್ಲಿಲ್ಲ. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಗೊಂಡ ಗುಡಿಯ ಶಿಲ್ಪಿಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು ಕಲ್ಲಿನ ಮೇಲಿವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಜಕಣನದು ಅಲ್ಲಿಯೂ ಇಲ್ಲ. ಕಪ್ಪೆ ಚೆನ್ನಿಗರಾಯನೆಂದು ಜನ ಕರೆಯುವ ಬೇಲೂರಿನ ದೇವರನ್ನು ಪ್ರತಿಷ್ಠೆ ಮಾಡಿಸಿದವಳು ರಾಣಿ ಶಾಂತಲೆ.

ಇಷ್ಟನ್ನು ನಮ್ಮ ತಂಡಕ್ಕೆ ನಾನು ಹೇಳಿದಾಗ ಮಾರ್ಗದರ್ಶಿ ತರುಣನ ಮುಖ ಬಾಡಿತು. ‘ಹಾಗಾದರೆ ಕಥೆ ಹೇಳಬಾರದೆ ಸ್ವಾಮಿ?’ ಎಂದು ಅವನು ಕೇಳಿದ. ಪ್ರಾಮಾಣಿಕವಾದ ಪ್ರಶ್ನೆ. ಅದಕ್ಕೆ ಅಲ್ಲಿ ನಾನು ಕೊಟ್ಟ ಉತ್ತರವನ್ನೇ ತುಸು ವಿಸ್ತರಿಸಿ ಇಲ್ಲಿ ಹೇಳುತ್ತೇನೆ.

ಕಥೆಯನ್ನು ಹೇಳಲೇಬೇಕು. ಏಕೆಂದರೆ ಶಾಸನ ಮಾಡದ ಒಂದು ಕೆಲಸವನ್ನು ಅದು ಮಾಡಿದೆ. ಕೈದಾಳದ ಶಾಸನ ಕಟ್ಟಿಸಿದವನನ್ನು ನೆನೆಯುತ್ತದೆ, ಕಟ್ಟಿದವನನ್ನು ನೆನೆಯುವುದಿಲ್ಲ. ಕಲ್ಲು ಸಾಗಿಸಿದ ಎತ್ತುಗಳೂ, ಸೀಳಿದ ಒಡ್ಡರೂ, ಕೆತ್ತಿದ ಆಚಾರಿಗಳೂ ಅದರಲ್ಲಿಲ್ಲ. ಜನಕ್ಕೆ ಇದು ಸರಿತೋರಲಿಲ್ಲ. ಅಷ್ಟು ಚೆಲುವಾದ ಕೇಶವಮೂರ್ತಿಯ ಮುಂದೆ ನಿಂತು, ‘ಇದನ್ನು ಮಾಡಿದ ಕೈ ಯಾರದು?’ ಎಂದು ಅವರು ಕೇಳಿದರು. ಉತ್ತರ ಸಿಕ್ಕದೆ ಹೋದಾಗ ಆ ಕೈಗೊಂದು ಹೆಸರು ಕೊಟ್ಟರು, ಒಂದು ಊರು ಕೊಟ್ಟರು, ಒಬ್ಬ ಮಗನನ್ನು ಕೊಟ್ಟರು. ಕೊನೆಗೆ ಆ ಕೈಯನ್ನೇ ಕತ್ತರಿಸಿ ಮತ್ತೆ ಬೆಳೆಸಿದರು. ಮಗ ತಂದೆಯನ್ನು ಮೀರಿಸುವುದು ಕಸುಬಿನ ಮನೆಗಳ ಸುಖವೂ ಹೌದು, ನೋವೂ ಹೌದು. ದಾಸೋಜ ಚಾವಣರ ಮನೆಯಲ್ಲಿಯೂ ಅದು ನಡೆದಿರಬಹುದಾದ ಸಂಗತಿಯೆ. ಇಂದು ರಾಜ್ಯದ ಶಿಲ್ಪಕಲಾ ಪ್ರಶಸ್ತಿಗೆ ಜಕಣಾಚಾರಿಯ ಹೆಸರಿದೆ. ಅದು ಒಬ್ಬ ವ್ಯಕ್ತಿಯ ಹೆಸರಲ್ಲ. ಹೆಸರಿಲ್ಲದೆ ಹೋದ ಸಾವಿರ ಕೈಗಳಿಗೆ ಜನ ಕೊಟ್ಟ ಒಂದು ಹೆಸರು.

ಆದರೆ ಶಾಸನವನ್ನೂ ಹೇಳಲೇಬೇಕು. ಕಥೆ ಮಾತ್ರ ಉಳಿದರೆ ಗೂಳಿ ಬಾಚಿ ಕಳೆದುಹೋಗುತ್ತಾನೆ. ಅವನೊಬ್ಬ ಸಾಮಂತ ಮಾತ್ರನೆಂದು ಕಡೆಗಣಿಸುವಂತಿಲ್ಲ. ಒಂದೇ ಊರಿನಲ್ಲಿ ಶಿವನಿಗೂ ವಿಷ್ಣುವಿಗೂ ಜಿನನಿಗೂ ಮನೆ ಕಟ್ಟಿಸಿದ ಮನುಷ್ಯ ಅವನು. ಕೈದಾಳಕ್ಕೆ ಹೋದವರ ಕಣ್ಣಿಗೆ ಇಂದು ಬೀಳುವುದು ಚೆನ್ನಕೇಶವ ಮತ್ತು ಗಂಗಾಧರೇಶ್ವರ. ಜಿನಾಲಯವಿದ್ದ ನೆನಪು ಶಾಸನದ ಸಾಲಿನಲ್ಲಿದೆ. ಆ ಸಾಲನ್ನು ಯಾರೂ ಓದಿ ಹೇಳದಿದ್ದರೆ, ಹೀಗೊಂದು ಊರು ಇತ್ತು, ಹೀಗೂ ಬದುಕುವುದು ಸಾಧ್ಯವಿತ್ತು ಎಂಬ ತಿಳಿವೇ ಅಳಿದುಹೋಗುತ್ತದೆ. ಕಪ್ಪೆಯ ಕಥೆ ಸೋಜಿಗದ್ದು. ಬಾಚಿಯ ಮೂರು ಗುಡಿಗಳ ಕಥೆ ಅದಕ್ಕಿಂತ ಸೋಜಿಗದ್ದಲ್ಲವೆ?

ಹಾಳು ಎಂಬ ಮಾತಿಗೆ ನಾವು ಸಾಮಾನ್ಯವಾಗಿ ಬಿದ್ದ ಗೋಡೆ, ಮುರಿದ ಕಂಬ ಎಂದು ಅರ್ಥ ಮಾಡುತ್ತೇವೆ. ಕಲ್ಲು ಬಿದ್ದರೆ ಎತ್ತಿ ನಿಲ್ಲಿಸಬಹುದು. ಪುರಾತತ್ವದವರು ಆ ಕೆಲಸವನ್ನು ಎಷ್ಟೋ ಕಡೆ ಮಾಡಿದ್ದಾರೆ. ನೆನಪು ಬಿದ್ದರೆ ಎತ್ತಲು ಕೈಬೇಕು. 1904ರ ಸಂಪುಟದೊಳಗೆ ಅಚ್ಚಾಗಿರುವ ಕೈದಾಳದ ಶಾಸನವನ್ನು ಕೈದಾಳದ ಶಾಲೆಯ ಮಗು ತಿಳಿಯದೆ ಬೆಳೆದರೆ, ಆ ಊರು ಗುಡಿ ನಿಂತಿದ್ದರೂ ಹಾಳೂರೆ.

ಪ್ರವಾಸವೆಂಬುದು ಈಗ ಒಂದು ಉದ್ಯಮ. ಬಸ್ಸು ಬರುತ್ತದೆ, ಜನ ಇಳಿಯುತ್ತಾರೆ, ಚಿತ್ರ ತೆಗೆಯುತ್ತಾರೆ, ಏನನ್ನೋ ಕುಡಿಯುತ್ತಾರೆ, ಹೋಗುತ್ತಾರೆ. ಇದನ್ನು ಹಳಿಯುವುದು ಸುಲಭ, ಹಳಿದು ಪ್ರಯೋಜನವಿಲ್ಲ. ನೋಡುವ ಕಣ್ಣಿನ ಜೊತೆಗೆ ಬಾಯಿಗೂ ಒಂದು ರುಚಿ ಬೇಕೆನ್ನುವುದು ಮನುಷ್ಯ ಸಹಜ. ನಮ್ಮ ಹಿರಿಯರ ಜಾತ್ರೆಗಳೂ ಹೀಗೆಯೇ ಇದ್ದವು; ದೇವರನ್ನು ನೋಡಿ ಕೈಮುಗಿದವರು ಅರವಂಟಿಗೆಯಲ್ಲಿ ಪಾನಕ ಕುಡಿದು ಬೆಂಡು ಬತ್ತಾಸು ಕೊಂಡು ಹಿಂತಿರುಗುತ್ತಿದ್ದರು. ಆ ನಾಲಿಗೆಯ ರುಚಿಯೂ ನೆನಪಿನ ಭಾಗವೆ. ಬೇಕಾದದ್ದು ಇಷ್ಟು: ಕರೆದೊಯ್ಯುವವನು ತಾನು ತೋರಿಸುವುದನ್ನು ಬಲ್ಲವನಾಗಿರಬೇಕು, ಹೋಗುವವರು ಕೇಳುವ ವ್ಯವಧಾನವುಳ್ಳವರಾಗಿರಬೇಕು, ಊರಿನವರಿಗೆ ಅದರಿಂದ ನಾಲ್ಕು ಕಾಸು ಸಿಕ್ಕಬೇಕು. ಎಳನೀರು ಕೆತ್ತಿದ ಯಜಮಾನರಿಗೆ ಅಂದು ಸಂದದ್ದು ಎಳನೀರಿನ ಬೆಲೆ ಮಾತ್ರವಲ್ಲ, ತಮ್ಮ ಮಣ್ಣಿನ ಬಗೆಗೆ ಹೊರಗಿನವರು ಕಿವಿಗೊಟ್ಟರೆಂಬ ತೃಪ್ತಿಯೂ ಹೌದು.

ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಈ ಸುತ್ತು ನೂರು ಕಿಲೋಮೀಟರುಗಳನ್ನು ಎಷ್ಟು ಮೀರೀತು? ಅಷ್ಟರೊಳಗೆ ಒಂಬತ್ತನೆಯ ಶತಮಾನದ ಒಬ್ಬ ಅಧಿಕಾರಿಯ ಭಯವಿದೆ, ಹನ್ನೆರಡನೆಯ ಶತಮಾನದ ಒಬ್ಬ ಸಾಮಂತನ ಔದಾರ್ಯವಿದೆ, ಹದಿನಾರನೆಯ ಶತಮಾನದ ಒಬ್ಬ ಕವಿಯಿದ್ದಾನೆ, ಹೆಸರಿಲ್ಲದ ಶಿಲ್ಪಿಗಳ ಒಂದು ಕುಲವಿದೆ. ಅವರೆಲ್ಲರ ನಡುವೆ ನಿಂತ ತೆಂಗಿನ ಮರ ಇಂದಿಗೂ ನೀರು ಕೊಡುತ್ತಿದೆ. ಕೇಳುಗರಲ್ಲಿ ಯಾರಿಗಾದರೂ ಒಂದು ರಜಾದಿನ ಬಿಡುವಾದರೆ, ದೂರದ ಊರಿನ ಯೋಚನೆಯನ್ನು ತುಸು ಮುಂದೂಡಿ ಈ ದಾರಿಯನ್ನು ಹಿಡಿಯಬಹುದು. ಹೋಗುವಾಗ ಕಥೆಯನ್ನೂ ಕಟ್ಟಿಕೊಂಡು ಹೋಗಿ, ಶಾಸನವನ್ನೂ ಓದಿಕೊಂಡು ಹೋಗಿ. ಎರಡರಲ್ಲಿ ಒಂದನ್ನು ಬಿಟ್ಟವನಿಗೆ ಕೈದಾಳ ಅರ್ಧ ಮಾತ್ರ ಕಾಣುತ್ತದೆ.